ತಪ್ಪಿಸಿಕೊಂಡವನ ಮನೆ

ನಮ್ಮ ಮನೆಯಲ್ಲಿ ಹಾಲು ಉಕ್ಕಿತೆಂದರೆ ಯಾರೂ ಒಲೆಯ ಹತ್ತಿರ ಓಡುತ್ತಿರಲಿಲ್ಲ, ಬಾಗಿಲ ಹತ್ತಿರ ಓಡುತ್ತಿದ್ದರು. ಪಿರಿಯಾಪಟ್ಟಣದಲ್ಲಿ, ಮೈಸೂರಿನಿಂದ ಮಡಿಕೇರಿಗೆ ಹೋಗುವ ರಸ್ತೆಗೆ ಮುಖ ಮಾಡಿಕೊಂಡಿದ್ದ ಮನೆ ಅದು. ಮುಂಭಾಗದ ಒಂದು ಪಕ್ಕಕ್ಕೆ ದೊಡ್ಡಪ್ಪನ ಅಂಗಡಿ. ಅದರಲ್ಲಿ ಬೆಲ್ಲ, ಹುಣಸೆಹಣ್ಣು, ಹೊಗೆಸೊಪ್ಪು, ಹಗ್ಗ. ಇನ್ನೊಂದು ಪಕ್ಕಕ್ಕೆ ಜಗಲಿ. ಜಗಲಿಯ ಕಂಬಕ್ಕೆ ಒರಗಿಕೊಂಡು ನನ್ನ ಅಜ್ಜಿ, ಅಂದರೆ ಅಪ್ಪನ ತಾಯಿ ದೇವೀರಮ್ಮ, ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೆ ಕೂತಿರುತ್ತಿದ್ದಳು. ಕೈಯಲ್ಲಿ ಬತ್ತಿ ಹೊಸೆಯುವ ಹತ್ತಿ, ಕಣ್ಣು ಮಾತ್ರ ರಸ್ತೆಯ ಮೇಲೆ. ಇದ್ದಕ್ಕಿದ್ದಂತೆ ಅವಳು ನನ್ನ ಅವ್ವನನ್ನು ಕೂಗುತ್ತಿದ್ದಳು:

‘ನೀಲಾ, ಆಲು ಉಕ್ತು ಕಣವ್ವ!’

ಖಾಕಿ ಬಟ್ಟೆ ತೊಟ್ಟವನೊಬ್ಬ ನಮ್ಮ ಮನೆಯ ಕಡೆ ಬರುತ್ತಿದ್ದಾನೆ ಎಂದು ಅದಕ್ಕೆ ಅರ್ಥ. ಅವ್ವ ಮಾಡುತ್ತಿದ್ದ ಕೆಲಸವನ್ನು ಹಾಗೇ ಬಿಟ್ಟು ನಡುಮನೆಯ ಬಾಗಿಲು ಮುಚ್ಚಿ ಅಗುಳಿ ಹಾಕುತ್ತಿದ್ದಳು. ನಾನು ಅಡುಗೆಮನೆಯ ಮೂಲೆಯಲ್ಲಿದ್ದ ರಾಗಿಯ ಗುಡಾಣದ ಹಿಂದೆ ತೂರಿಕೊಂಡು ಉಸಿರು ಬಿಗಿಹಿಡಿದು ಕೂರುತ್ತಿದ್ದೆ. ಅಲ್ಲಿ ಜಿರಳೆಗಳಿದ್ದವು. ಜಿರಳೆಯೆಂದರೆ ನನಗೆ ಈಗಲೂ ಆಗುವುದಿಲ್ಲ, ಆದರೂ ಖಾಕಿಗಿಂತ ಜಿರಳೆಯೇ ವಾಸಿ ಅನ್ನಿಸುತ್ತಿತ್ತು. ನಮ್ಮ ಗ್ರಹಚಾರಕ್ಕೆ ಆ ರಸ್ತೆಯಲ್ಲಿ ಖಾಕಿಗೆ ಬರವೇ ಇರಲಿಲ್ಲ. ಅಂಚೆಯವನು ಖಾಕಿ, ಬಸ್ಸಿನ ಕಂಡಕ್ಟರ್ ಖಾಕಿ, ಫಾರೆಸ್ಟ್ ಗಾರ್ಡ್ ಖಾಕಿ, ಹೊಗೆಸೊಪ್ಪಿನ ಗೋದಾಮಿನ ಕಾವಲುಗಾರನೂ ಖಾಕಿ. ಸಾಲದ್ದಕ್ಕೆ ರಜೆಯ ಮೇಲೆ ಕೊಡಗಿಗೆ ಹೋಗುವ ಮಿಲಿಟರಿಯವರು ನಮ್ಮ ಎದುರಿಗೇ ಬಸ್ಸು ಇಳಿದು ಕಾಫಿ ಕುಡಿದು, ಮೀಸೆ ಒರೆಸಿಕೊಳ್ಳುತ್ತಾ ಬೆಂಕಿಪೊಟ್ಟಣಕ್ಕೆಂದು ನಮ್ಮ ಅಂಗಡಿಗೇ ಬರುತ್ತಿದ್ದರು. ಹೀಗಾಗಿ ನಮ್ಮ ಮನೆಯ ಹಾಲು ಹೊತ್ತಿಲ್ಲ ಗೊತ್ತಿಲ್ಲ ಎನ್ನದೆ ಉಕ್ಕುತ್ತಿತ್ತು. ಪಕ್ಕದ ಮನೆಯ ಪುಟ್ಟತಾಯಮ್ಮ ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟಳು:

‘ಅದ್ಯಾಕ್ರವ್ವ, ನಿಮ್ಮನೇಲಿರೋದು ಒಂದೇ ಅಸ, ಅದೂ ಗಬ್ಬ ಆಗೈತೆ. ಅದ್ಯಾವ್ ಆಲು ಅಂಗೆ ಉಕ್ಕೋದು?’

ಅಜ್ಜಿ ಅವತ್ತು ಊಟ ಮಾಡಲಿಲ್ಲ. ಗುಟ್ಟು ಬೀದಿಗೆ ಬಿತ್ತೆಂದೇ ಅವಳ ತೀರ್ಮಾನ.

ಗುಟ್ಟು ಎಂದರೆ ನನ್ನ ಅಪ್ಪ. ಹೆಸರು ಮಹದೇವಪ್ಪ, ಮನೆಯವರ ಬಾಯಲ್ಲಿ ಮಾದೇವ. ನಾನು ಅವನನ್ನು ನೋಡಿಯೇ ಇಲ್ಲ, ಅವನು ಕೊನೆಯ ಸಲ ಮನೆ ಬಿಟ್ಟಾಗ ಅವ್ವನ ಹೊಟ್ಟೆಯಲ್ಲಿದ್ದೆ. ಹೆತ್ತ ಅಪ್ಪನನ್ನು ‘ಅವನು’ ಎನ್ನುತ್ತಿದ್ದಾಳಲ್ಲ ಎಂದು ಯಾರೂ ಹುಬ್ಬೇರಿಸಬೇಡಿ. ನಾನೀಗ ಮೊಮ್ಮಕ್ಕಳ ಮದುವೆ ನೋಡಿದ ಮುದುಕಿ, ಅವನು ಮೀಸೆ ಸರಿಯಾಗಿ ಬಲಿಯದ ಹುಡುಗ. ಆ ವಯಸ್ಸಿನವರು ಬಸ್ಸಿನಲ್ಲಿ ನನಗೆ ಎದ್ದು ಸೀಟು ಕೊಡುತ್ತಾರೆ. ಕೈ ಸುಮ್ಮನಿರದ ಹುಡುಗನಂತೆ. ಒಂದು ಸಲ ದೊಡ್ಡಪ್ಪನ ತಕ್ಕಡಿಯನ್ನು ಬಿಚ್ಚಿ ಮತ್ತೆ ಜೋಡಿಸಿದನಂತೆ, ಅದು ಗಿರಾಕಿಯ ಕಡೆಗೇ ವಾಲುವ ಹಾಗಾಯಿತಂತೆ. ಎಷ್ಟೋ ವರ್ಷದ ಮೇಲೆ ಅದನ್ನು ಹೇಳುವಾಗಲೂ ದೊಡ್ಡಪ್ಪನಿಗೆ ಸಿಟ್ಟು ಬರುತ್ತಿತ್ತು. ಹುಣಸೂರಿನಲ್ಲಿ ಮಿಡ್ಲ್ ಸ್ಕೂಲು ಮುಗಿಸಿ, ಮೈಸೂರಿನಲ್ಲಿ ಮಠದ ಹಾಸ್ಟೆಲಿನ ಊಟ ಮಾಡಿಕೊಂಡು ಹೈಸ್ಕೂಲು ಓದಿದ. ಸಂಜೆಯ ಹೊತ್ತು ಯಾರದೋ ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೂತು ಕೂತು ವೈರ್‌ಲೆಸ್ ಕೆಲಸ ಕಲಿತ. ಯುದ್ಧ ಬಂತು. ಆ ಕೆಲಸ ಬಲ್ಲವರನ್ನು ಕರೆಕರೆದು ಸೇರಿಸಿಕೊಳ್ಳುತ್ತಿದ್ದ ಕಾಲ. ಮನೆಯಲ್ಲಿ ಒಂದು ಮಾತು ಕೇಳದೆ ಸಹಿ ಹಾಕಿ ಬಂದ. ಅವನು ಸೇರಿದ್ದು ಕಡಲಿನ ಮೇಲೆ ಹಾರಾಡುತ್ತಾ ಹಡಗುಗಳಿಗೆ ಕಾವಲಿರುವ ವಿಮಾನದ ಪಡೆಗೆ. ಕೊಚ್ಚಿಯ ಹತ್ತಿರ ಎಲ್ಲೋ ಅವರ ಠಾಣೆ. ಅದು ನೌಕಾದಳವೋ ವಿಮಾನದಳವೋ ಎಂಬುದು ನಮ್ಮ ಮನೆಯಲ್ಲಿ ಎಂದೂ ಇತ್ಯರ್ಥವಾಗಲಿಲ್ಲ. ದೊಡ್ಡಪ್ಪ ‘ನೇವಿ’ ಎನ್ನುತ್ತಿದ್ದರು, ಅಜ್ಜಿಗೆ ಅದು ‘ನೀರಿನ್ ಇಮಾನ’.

ಹೆಂಡತಿ ಬಂದರೆ ಕಾಲಿಗೆ ಹಗ್ಗ ಬಿದ್ದ ಹಾಗೆ ಎಂದು ಲೆಕ್ಕ ಹಾಕಿ ಅಜ್ಜಿ ಅವಸರದಲ್ಲಿ ಅವನಿಗೆ ಮದುವೆ ಮಾಡಿದಳು. ಕೃಷ್ಣರಾಜನಗರದ ಕಡೆ ಮಿರ್ಲೆಯಿಂದ ನನ್ನ ಅವ್ವ ನೀಲಮ್ಮ ಬಂದಳು. ಹಗ್ಗ ಕೆಲಸ ಮಾಡಲಿಲ್ಲ. ಎರಡು ಸಲ ರಜೆಯಲ್ಲಿ ಬಂದಿದ್ದನಂತೆ. ಬಂದಾಗಲೆಲ್ಲ ಜಗಲಿಯ ತುಂಬ ಜನ. ಕಡಲು ಎಷ್ಟು ದೊಡ್ಡದು, ಅದಕ್ಕೆ ಏರಿ ಇದೆಯೋ ಇಲ್ಲವೋ, ವಿಮಾನದಲ್ಲಿ ಕೂತವರಿಗೆ ತಲೆ ಸುತ್ತುವುದಿಲ್ಲವೋ ಎಂದೆಲ್ಲ ಪ್ರಶ್ನೆಗಳು. ಅಜ್ಜಿ ಕೇಳಿದ್ದು ಒಂದೇ:

‘ಇಮಾನ ಅಲ್ಲೇ ಕೆಟ್ಟೋದ್ರೆ ಏನ್ಲಾ ಮಾಡ್ತೀಯ?’

‘ಛತ್ರಿ ಇಡ್ಕಂಡು ಇಳ್ಕತೀವಿ ಕಣವ್ವ. ರೇಸ್ಮೆ ಛತ್ರಿ, ನಮ್ಮನೆ ತೊಟ್ಟಿಯಷ್ಟಗಲ ಇರ್ತದೆ.’

ಅಜ್ಜಿ ನಂಬಲಿ ಎಂದು ದೊಡ್ಡಪ್ಪನ ಛತ್ರಿ ಹಿಡಿದು ಅಟ್ಟದಿಂದ ತೊಟ್ಟಿಗೆ ಹಾರಿ ತೋರಿಸಿದನಂತೆ. ಛತ್ರಿ ಉಲ್ಟಾ ಆಯಿತು, ಹಿಮ್ಮಡಿ ಉಳುಕಿತು, ಜನ ಬಿದ್ದು ಬಿದ್ದು ನಕ್ಕರು. ಆದರೆ ಅಜ್ಜಿಯ ತಲೆಯಲ್ಲಿ ಆ ರೇಷ್ಮೆ ಛತ್ರಿ ಭದ್ರವಾಗಿ ಕೂತಿತು. ಎರಡನೆಯ ಸಲ ಹೊರಟಾಗ ಅವಳು ಅಡುಗೆಮನೆಯಲ್ಲಿ ಅವನ ತೋಳು ಹಿಡಿದುಕೊಂಡು ಬಿಡಲೇ ಇಲ್ಲವಂತೆ. ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಆಗ ಅವನು ಅವಳ ಕಿವಿಯಲ್ಲಿ ಹೇಳಿದ ಮಾತನ್ನು ಅಜ್ಜಿ ನನಗೆ ಎಷ್ಟು ಸಲ ಹೇಳಿದ್ದಾಳೆಂದರೆ, ಅವನ ದನಿ ಕೇಳಿದವಳ ಹಾಗೆ ನಾನೂ ಅದನ್ನು ಹೇಳಬಲ್ಲೆ:

‘ಅಳಬ್ಯಾಡ ಕಣವ್ವ. ಎಂಗಾರ ಮಾಡಿ ಒಂದಿನ ತಪ್ಪಿಸ್ಕಂಡು ಬಂದ್ಬುಡ್ತೀನಿ.’

ಅದಾಗಿ ಕೆಲವು ತಿಂಗಳಿಗೆ ತಂತಿ ಬಂತು. ಮನೆಯಲ್ಲಿ ಇಂಗ್ಲಿಷ್ ಬಲ್ಲವರು ಇರಲಿಲ್ಲ, ಬಲ್ಲವನು ಹೋಗಿದ್ದನಲ್ಲ. ಎರಡು ಮನೆಯಾಚೆ ರಿಟೈರಾದ ಮೇಷ್ಟ್ರೊಬ್ಬರಿದ್ದರು. ದೊಡ್ಡಪ್ಪ ಅವರನ್ನು ಕರೆತಂದರು. ಮೇಷ್ಟ್ರು ಜಗಲಿಯ ಮೇಲೆ ನಿಂತೇ ಓದಿಕೊಂಡು, ಕನ್ನಡಕ ತೆಗೆದು, ಬಹಳ ಮೆದುವಾಗಿ ಹೇಳಿದರಂತೆ:

‘ದೇವೀರಮ್ಮ, ಧೈರ್ಯ ತಂದ್ಕೊಳ್ಳಿ. ನಿಮ್ಮ ಮಹದೇವಪ್ಪ ತಪ್ಪಿಸ್ಕೊಂಡಿದ್ದಾನೆ ಅಂತ ಬಂದಿದೆ.’

‘ಮೆಲ್ಲುಗ್ ಯೋಳಿ ಮೇಷ್ಟ್ರೆ, ಬೀದೀಗ್ ಕೇಳ್ಸುತ್ತೆ!’

ಅಜ್ಜಿ ಅವರ ಕೈಯಿಂದ ಆ ಕಾಗದವನ್ನು ಕಿತ್ತುಕೊಂಡು ನೆಟ್ಟಗೆ ಒಲೆಯ ಹತ್ತಿರ ಹೋಗಿ ಉರಿಗೆ ಹಾಕಿದಳು. ಅವಳ ಮುಖದಲ್ಲಿ ಅಳುವಿರಲಿಲ್ಲವಂತೆ. ಮೇಷ್ಟ್ರು ಪಾಪ, ಮುದುಕಿಗೆ ದುಃಖದಿಂದ ತಲೆ ಕೆಟ್ಟಿತೆಂದುಕೊಂಡು ಹೊರಟುಹೋದರು. ಆಮೇಲೆ ಮಗನ ಊರಿಗೆ ಹೋದವರು ಅಲ್ಲೇ ತೀರಿಕೊಂಡರು. ನಂತರ ಮೊಹರು ಒತ್ತಿದ ಲಕೋಟೆಗಳು ಬಂದವು. ಅವೆಲ್ಲ ಮಗನ ಮೇಲಿನ ವಾರಂಟು ಎಂದು ಅಜ್ಜಿ ಒಂದನ್ನೂ ಬಿಚ್ಚಗೊಡದೆ ಒಲೆಗೆ ಹಾಕಿದಳು. ಕೆಲವು ಕಾಲಕ್ಕೆ ಅವೂ ನಿಂತವು. ಅಷ್ಟರಲ್ಲಿ ನಾನು ಹುಟ್ಟಿದ್ದೆ.

ಅಜ್ಜಿಯ ತಲೆಯಲ್ಲಿ ಎಲ್ಲವೂ ಸ್ಪಷ್ಟವಾಗಿತ್ತು. ಮಗ ಮಾತು ಉಳಿಸಿಕೊಂಡಿದ್ದಾನೆ. ಛತ್ರಿ ಹಿಡಿದು ಮಲಯಾಳದ ದಡದಲ್ಲಿ ಇಳಿದಿದ್ದಾನೆ, ಅಲ್ಲಿಂದ ಗುಡ್ಡ ಹತ್ತಿ, ವಯನಾಡು ದಾಟಿ, ಹೆಗ್ಗಡದೇವನಕೋಟೆಯ ಕಾಡು ಸೇರಿದ್ದಾನೆ. ಅಲ್ಲಿ ಯಾವುದೋ ಹಾಡಿಯಲ್ಲಿ ಜೇನುಕುರುಬರ ನಡುವೆ ಇದ್ದಾನೆ. ಮಿಲಿಟರಿ ಬಿಟ್ಟು ಓಡಿಬಂದವರನ್ನು ಹಿಡಿದರೆ ಗೋಡೆಗೆ ನಿಲ್ಲಿಸಿ ಗುಂಡು ಹೊಡೆಯುತ್ತಾರೆಂದು ಅವಳಿಗೆ ಯಾರೋ ಹೇಳಿದ್ದರು. ಹಾಗಾಗಿ ಅವನು ಬರುವುದೂ ಕಷ್ಟ, ನಾವು ಹೋಗುವುದೂ ಕಷ್ಟ. ಬ್ರಿಟಿಷರು ಹೋಗಿ ಬಾವುಟ ಬದಲಾದಾಗ ದೊಡ್ಡಪ್ಪ ಸಮಾಧಾನ ಹೇಳಲು ನೋಡಿದ್ದರು:

‘ಅವ್ನ ಸೇರಿಸ್ಕಂಡ ಸರ್ಕಾರನೇ ಓಯ್ತಲ್ಲವ್ವ, ಇನ್ಯಾರು ಇಡೀತಾರೆ?’

‘ಸರ್ಕಾರ ಓಯ್ತ್ ಕಣ್ಲಾ, ಖಾಕಿ ಓಯ್ತಾ?’

ದೊಡ್ಡಪ್ಪನ ಹೆಸರು ಸಿದ್ದಲಿಂಗಪ್ಪ. ಹೆಂಡತಿ ತೀರಿಕೊಂಡ ಮೇಲೆ ಮತ್ತೆ ಮದುವೆಯಾಗದೆ ಅಂಗಡಿ, ಲಿಂಗಪೂಜೆ, ತಾಯಿಯ ಬೈಗುಳ ಇಷ್ಟರಲ್ಲೇ ದಿನ ಕಳೆಯುತ್ತಿದ್ದ ಮನುಷ್ಯ. ಜನರ ಬಾಯಿ ಮುಚ್ಚಿಸುವ ಕೆಲಸವೂ ಅವರದೇ. ಮಾದೇವ ದೂರದಲ್ಲಿ ಡ್ಯೂಟಿಯ ಮೇಲಿದ್ದಾನೆ, ರಜೆ ಸಿಕ್ಕಿಲ್ಲ ಎಂದು ಅವರು ಕೇಳಿದವರಿಗೆಲ್ಲ ಹೇಳಬೇಕಿತ್ತು. ಯುದ್ಧ ಮುಗಿದು ಎಷ್ಟೋ ವರ್ಷವಾದ ಮೇಲೂ ರಜೆ ಸಿಗದಿರುವುದು ಹೇಗೆ ಎಂದು ಯಾರಾದರೂ ಕೇಳಿದರೆ ಅವರು ಬೆಲ್ಲದ ಅಚ್ಚುಗಳನ್ನು ಎತ್ತಿಡುವುದರಲ್ಲಿ ಮುಳುಗುತ್ತಿದ್ದರು.

ನನ್ನನ್ನು ಸ್ಕೂಲಿಗೆ ಹಾಕುವಾಗ, ಸರ್ಕಾರದ ಪುಸ್ತಕದಲ್ಲಿ ಅವನ ಹೆಸರು ಬೇಡವೆಂದು, ಅಪ್ಪನ ಹೆಸರಿನ ಜಾಗದಲ್ಲಿ ದೊಡ್ಡಪ್ಪನ ಹೆಸರು ಬರೆಸಿದರು. ಮನೆಯೊಳಗೆ ದೊಡ್ಡಪ್ಪ, ಹೊಸ್ತಿಲು ದಾಟಿದರೆ ಅಪ್ಪ. ಮರೆತು ಹೊರಗೆ ‘ದೊಡ್ಡಪ್ಪ’ ಎಂದರೆ ಅಜ್ಜಿ ತೊಡೆ ಜಿಗುಟುತ್ತಿದ್ದಳು. ಹೊಸ ಮೇಡಂ ಬಂದಾಗಲೆಲ್ಲ ಪ್ರತಿಯೊಬ್ಬರನ್ನೂ ಎಬ್ಬಿಸಿ ತಂದೆಯ ಹೆಸರು ಕೇಳುತ್ತಿದ್ದರು. ನನ್ನ ಸರದಿ ಹತ್ತಿರ ಬಂದ ಹಾಗೆಲ್ಲ ‘ಸಿದ್ದಲಿಂಗಪ್ಪ, ಸಿದ್ದಲಿಂಗಪ್ಪ’ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಒಂದಕ್ಷರ ತಪ್ಪಿ ‘ಮ’ ಎಂದುಬಿಟ್ಟರೆ ಅದೇ ಸಂಜೆ ಅವನನ್ನು ಕಾಡಿನಿಂದ ಎಳೆದು ತರುತ್ತಾರೆ, ಗೋಡೆಗೆ ನಿಲ್ಲಿಸುತ್ತಾರೆ, ಅದು ನನ್ನಿಂದಲೇ ಆಗುತ್ತದೆ ಎಂದು ನಾನು ನಂಬಿದ್ದೆ. ಇದನ್ನು ತಮಾಷೆಗೆ ಹೇಳುತ್ತಿಲ್ಲ. ಆ ವಯಸ್ಸಿನ ಮಗುವಿಗೆ ಅಂಥ ಭಾರ ಹೊರಿಸಬಾರದು, ಹೊರಿಸಿದವರಿಗೆ ಅದು ತಿಳಿದಿರಲಿಲ್ಲ.

ಮನೆಗೆ ಬಂದರೆ ಇನ್ನೊಂದು ಬಗೆಯ ಭಯ. ಮಗ ಯಾವ ಹೊತ್ತಿನಲ್ಲಾದರೂ ಬರಬಹುದೆಂದು ಅಜ್ಜಿ ಹಿತ್ತಲ ಬಾಗಿಲಿಗೆ ಎಂದೂ ಅಗುಳಿ ಹಾಕಲು ಬಿಡುತ್ತಿರಲಿಲ್ಲ. ಮುಂದಿನ ಬಾಗಿಲಿಗೆ ಎರಡು ಅಗುಳಿ, ಹಿಂದಿನದಕ್ಕೆ ಒಂದೂ ಇಲ್ಲ. ಅವರೆಕಾಯಿಯ ಕಾಲದಲ್ಲಂತೂ ಅವಳು ನಿಲ್ಲಲಾರದೆ ಓಡಾಡುತ್ತಿದ್ದಳು. ಹಿತುಕಿದವರೆ ಸಾರೆಂದರೆ ಅವನಿಗೆ ಪ್ರಾಣವಂತೆ. ದಿನವೂ ಒಂದು ಬಟ್ಟಲು ಸಾರು, ಒಂದು ಮುದ್ದೆ ತೆಗೆದು ಹಿತ್ತಲ ಬಾಗಿಲ ಪಕ್ಕದ ಗೂಡಿನಲ್ಲಿ ಬುಟ್ಟಿ ಮುಚ್ಚಿ ಇಡುತ್ತಿದ್ದಳು. ಊರಿನ ಮಕ್ಕಳೆಲ್ಲ ಅವರೆಯ ಸೊಗಡಿಗೆ ಬಾಯಲ್ಲಿ ನೀರೂರಿಸುವ ಆ ತಿಂಗಳುಗಳಲ್ಲಿ ನನಗೆ ಆ ವಾಸನೆ ಬಂದರೆ ಮೈ ಜುಮ್ಮೆನ್ನುತ್ತಿತ್ತು. ಅಪ್ಪ ನೋಡಲು ಹೇಗಿದ್ದಾನೆಂದು ನನಗೆ ತಿಳಿಯದು. ಇದ್ದ ಒಂದು ಫೋಟೋವನ್ನು, ಪೊಲೀಸರ ಕೈಗೆ ಸಿಕ್ಕೀತೆಂದು ಅಜ್ಜಿ ಎಲ್ಲೋ ಹೂತಿದ್ದಳು. ಹಾಗಾಗಿ ಬಾಗಿಲಿಗೆ ಬರುವ ಯಾವ ಗಂಡಸಾದರೂ ಅಪ್ಪನಾಗಿರಬಹುದಿತ್ತು. ಗುರುತು ಸಿಗದೆ ನಾನು ಕಿರುಚಿಬಿಟ್ಟರೆ ಏನು ಗತಿ? ಗುರುತು ಸಿಕ್ಕಿ ‘ಅಪ್ಪಾ’ ಎಂದು ಕೂಗಿಬಿಟ್ಟರೆ ಏನು ಗತಿ? ಎರಡಕ್ಕೂ ಹೆದರಿ ಕಂಬಳಿಯೊಳಗೆ ಮುಖ ಹುದುಗಿಸಿ ಮಲಗುತ್ತಿದ್ದೆ.

ಇಷ್ಟೆಲ್ಲದರ ನಡುವೆ ಅವ್ವ ಏನು ಯೋಚಿಸುತ್ತಿದ್ದಳೆಂದು ನನಗೆ ಗೊತ್ತಾಗುತ್ತಿರಲಿಲ್ಲ. ಅವಳು ಮಾತೇ ಕಡಿಮೆ. ಬೆಳಿಗ್ಗೆ ಮಿಂದು, ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ, ಅದರ ನಡುವೆ ಕುಂಕುಮ. ಗೌರಿ ಹಬ್ಬ ಬಂದರೆ ಅಜ್ಜಿಯೇ ಬಳೆಗಾರನನ್ನು ಕೂರಿಸಿ ಸೊಸೆಗೆ ಕೈತುಂಬ ಹಸಿರು ಬಳೆ ತೊಡಿಸುತ್ತಿದ್ದಳು. ಬೀದಿಯ ಹೆಂಗಸರು ಆ ಬಳೆಗಳನ್ನು ನೋಡಿ, ಅವ್ವನ ಮುಖ ನೋಡಿ, ತಮ್ಮತಮ್ಮಲ್ಲೇ ಏನೋ ಮಾತಾಡಿಕೊಳ್ಳುತ್ತಿದ್ದರು. ಗಂಡ ಸತ್ತ ಒಬ್ಬ ಹೆಂಗಸಿನ ಬಳೆಗಳನ್ನು ಕಲ್ಲಿನ ಮೇಲೆ ಕುಟ್ಟಿ ಒಡೆಯುವುದನ್ನು ನಾನು ಎದುರು ಬೀದಿಯಲ್ಲಿ ಕಣ್ಣಾರೆ ಕಂಡಿದ್ದೆ. ಅಪ್ಪ ಸಿಕ್ಕಿಬಿದ್ದರೆ ನಮ್ಮ ಮನೆಯಲ್ಲೂ ಅದೇ ಆಗುತ್ತದೆ. ಅಪ್ಪ ಬರುವುದು ಬೇಡ, ಸಿಗುವುದೂ ಬೇಡ, ಕಾಡಿನಲ್ಲೇ ಇರಲಿ, ಇದ್ದರೆ ಸಾಕು ಎಂದು ಲಿಂಗ ಹಿಡಿದು ಕೂತಾಗಲೆಲ್ಲ ಕೇಳಿಕೊಳ್ಳುತ್ತಿದ್ದೆ. ಬೇರೆ ಮಕ್ಕಳು ದೇವರನ್ನು ಏನು ಕೇಳುತ್ತಿದ್ದರೋ.

ನನಗೆ ಎಂಟೊಂಬತ್ತು ವರ್ಷವಿದ್ದಾಗ ಅಜ್ಜಿಗೆ ತಡೆಯಲಾಗಲಿಲ್ಲ. ಹೆಗ್ಗಡದೇವನಕೋಟೆಯಲ್ಲಿ ನೆಂಟರೊಬ್ಬರಿಗೆ ಹುಷಾರಿಲ್ಲವೆಂದು ಸುಳ್ಳು ಹೇಳಿ, ನನ್ನನ್ನು ಕರೆದುಕೊಂಡು ಹೊರಟಳು. ಮಗು ಜೊತೆಯಲ್ಲಿದ್ದರೆ ಯಾರಿಗೂ ಅನುಮಾನ ಬರುವುದಿಲ್ಲ ಎಂದು ನನಗೆ ದಾರಿಯಲ್ಲಿ ಹೇಳಿದಳು. ಹುಣಸೂರಿನಲ್ಲಿ ಬಸ್ಸು ಬದಲಾಯಿಸಿದೆವು. ಅವಳ ಮಡಿಲಲ್ಲಿ ಒಂದು ಗಂಟು. ಅದರಲ್ಲಿ ಒಂದು ಪಂಚೆ, ಒಂದು ಅಂಗಿ, ರೊಟ್ಟಿ, ಕಾಯಿಸಿದ ತುಪ್ಪ. ಕೋಟೆ ಹತ್ತಿರವಾದಂತೆ ರಸ್ತೆಯ ಬದಿಯಲ್ಲಿ ಮರ ತುಂಬಿದ ಲಾರಿಗಳು ನಿಂತಿದ್ದವು. ನಾನು ಕಿಟಕಿಯಿಂದ ಪ್ರತಿ ಮರದ ಹಿಂದೆಯೂ ಕಣ್ಣು ಹಾಯಿಸುತ್ತಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಜೇನು ಮಾರುತ್ತಾ ಒಬ್ಬ ಹೆಂಗಸು ಕೂತಿದ್ದಳು. ಅಜ್ಜಿ ಜೇನು ಕೊಳ್ಳುವವಳ ಹಾಗೆ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು, ದನಿ ತಗ್ಗಿಸಿ ಕೇಳಿದಳು:

‘ನಿಮ್ ಆಡಿ ಕಡೆ ಒಸಬ ಗಂಡಸು ಯಾರಾರ ಬಂದ್ ಸೇರ್ಕಂಡವ್ನಾ ತಾಯಿ? ಎತ್ರವಾಗವ್ನೆ. ಓದ್ದೋನು.’

‘ಆಡಿಗೆ ಓದ್ದೋರು ಯಾರ್ ಬತ್ತಾರವ್ವ? ಆನೆ ಬತ್ತವೆ.’

ಆ ಹೆಂಗಸು ನಕ್ಕಳು. ಅಷ್ಟರಲ್ಲಿ ನಮ್ಮ ಹಿಂದೆ ಬೂಟಿನ ಸದ್ದು. ಖಾಕಿ ಚಡ್ಡಿಯ ಫಾರೆಸ್ಟ್ ಗಾರ್ಡ್ ಒಬ್ಬ ಬಂದು ನಿಂತ.

‘ಯಾರ್ನ ಉಡುಕ್ತಿದ್ದೀರಜ್ಜಿ? ನಂಗೇಳಿ, ಈ ಕಡೆ ಎಲ್ಲಾರೂ ಗೊತ್ತು ನಂಗೆ.’

‘ಯಾರ್ನೂ ಇಲ್ಲ ಸ್ವಾಮಿ. ಮನೇಗೋಗ್ಬೇಕು. ಆಲು ಉಕ್ತಾ ಐತೆ.’

ಗಾರ್ಡ್ ಕಕ್ಕಾಬಿಕ್ಕಿಯಾಗಿ ಅಜ್ಜಿಯನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ನಾನು ನಿಂತಲ್ಲೇ ಲಂಗ ಒದ್ದೆ ಮಾಡಿಕೊಂಡೆ. ‘ಪಾಪ, ಬಿಸ್ಲಿಗೆ ಇಂಗಾಗೈತೆ’ ಎಂದು ಅವನು ನೀರು ತರಲು ಹೋದ. ಒಳ್ಳೆಯವನೇ ಇರಬೇಕು. ಅವನು ತಿರುಗಿ ಬರುವಷ್ಟರಲ್ಲಿ ಅಜ್ಜಿ ನನ್ನ ರಟ್ಟೆ ಹಿಡಿದು ದರದರ ಎಳೆದುಕೊಂಡು, ಬಂದ ಬಸ್ಸಿನಲ್ಲೇ ಹಿಂದಿರುಗುವುದಕ್ಕೆ ಹತ್ತಿ ಕೂತಿದ್ದಳು. ಹತ್ತುವ ಮೊದಲು ಆ ಗಂಟನ್ನು ಹೊಂಗೆಮರದ ಬುಡದಲ್ಲಿ, ಮರೆತವಳ ಹಾಗೆ, ಇಟ್ಟಳು. ಮಗನ ಕೈಗೇ ಸಿಗುತ್ತದೆಂದು ಅವಳ ನಂಬಿಕೆ. ನಾನು ಮನೆಗೆ ಬಂದು ಜ್ವರ ಹಿಡಿದು ಮಲಗಿದೆ. ಅವತ್ತು ದೊಡ್ಡಪ್ಪ ಮೊದಲ ಸಲ ತಾಯಿಗೆ ಎದುರು ನಿಂತರು:

‘ಇದ್ದಿದ್ರೆ ಇಷ್ಟೊತ್ಗೆ ಒಂದ್ ಸುದ್ದಿನಾರ ಬತ್ತಿತ್ತು ಕಣವ್ವ. ಮಗೀನ ಯಾಕ್ ಇಂಗೆ ಸಾಯಿಸ್ತೀಯ?’

‘ಇದ್ದಿದ್ರೆ ಅಂದ್ರೆ? ಇಲ್ಲ ಅಂತೀಯೇನ್ಲಾ ನನ್ ಮಗ? ಅಂದ್ಬುಡು, ನನ್ ಮಖ ನೋಡ್ಕಂಡು ಅಂದ್ಬುಡು!’

ದೊಡ್ಡಪ್ಪ ತಟ್ಟೆಯಲ್ಲಿ ಕೈ ತೊಳೆದು ಎದ್ದುಹೋದರು. ಅವ್ವ ಸಾರಿನ ಸೌಟು ಹಿಡಿದುಕೊಂಡು ನಿಂತೇ ಇದ್ದಳು. ನಾನು ಜ್ವರದಲ್ಲೂ ಕಣ್ಣು ತೆರೆದು ಅವಳ ಬಳೆಗಳನ್ನೇ ನೋಡುತ್ತಿದ್ದೆ.

ಅದಾದ ಮರುವರ್ಷ, ಮತ್ತೆ ಅವರೆಯ ಕಾಲ. ಅಜ್ಜಿ ಒಳಗೆ ಪೂಜೆಗೆ ಕೂತಿದ್ದಳು, ಜಗಲಿಯ ಮೇಲೆ ನಾನೊಬ್ಬಳೇ ಅವರೆಕಾಯಿ ಸುಲಿಯುತ್ತಿದ್ದೆ. ಕೊಡಗಿನ ಕಡೆಯಿಂದ ಬಂದ ಬಸ್ಸಿನಿಂದ ಒಬ್ಬರು ಇಳಿದರು. ವಯಸ್ಸಾದವರು, ಬಿಳಿ ಮೀಸೆ, ಖಾಕಿ ಕೋಟು, ಒಂದು ಕಾಲು ಸ್ವಲ್ಪ ಎಳೆಯುತ್ತಿದ್ದರು. ಅಂಗಡಿಗಲ್ಲ, ನೇರವಾಗಿ ನನ್ನ ಕಡೆಗೇ ಬಂದರು.

‘ಮಗು, ಇದು ಮಹದೇವಪ್ಪನವರ ಮನೆಯಾ?’

ಆ ಹೆಸರನ್ನು ಗುರುತಿಲ್ಲದವರೊಬ್ಬರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ‘ಆಲು ಉಕ್ತು’ ಎಂದು ಕೂಗಬೇಕಿತ್ತು, ಬದಲಿಗೆ ಕಲಿಸಿದ ಪಾಠ ಹೇಗೋ ಬಾಯಿಗೆ ಬಂತು: ‘ಅಲ್ಲ. ಇದು ಸಿದ್ದಲಿಂಗಪ್ನೋರ ಮನೆ. ಅಂತೋರು ಯಾರೂ ಇಲ್ಲ.’ ಅಂಗಡಿಯಿಂದ ದೊಡ್ಡಪ್ಪ ಇಳಿದು ಬಂದರು. ಬೈದು ಕಳಿಸುತ್ತಾರೆ ಎಂದುಕೊಂಡೆ. ದೊಡ್ಡಪ್ಪ ಹೆಗಲ ಮೇಲಿನ ವಸ್ತ್ರ ತೆಗೆದು ಕೈಗೆ ಹಿಡಿದುಕೊಂಡು, ಬಹಳ ದಣಿದವರ ಹಾಗೆ ‘ಒಳಕ್ ಬನ್ನಿ ಸ್ವಾಮಿ’ ಎಂದರು. ನಮ್ಮ ಹೊಸ್ತಿಲು ದಾಟಿ ಖಾಕಿ ಒಳಗೆ ಬಂದದ್ದು ನಾನು ಹುಟ್ಟಿದ ಮೇಲೆ ಅದೇ ಮೊದಲು. ಅವರು ಬೂಟು ಬಿಚ್ಚಿ, ಚಾಪೆಯ ಮೇಲೆ ಕಾಲು ನೀಡಿ ಕೂತು, ತಾವು ರಿಟೈರಾದ ಸುಬೇದಾರರೆಂದೂ, ಮಾಜಿ ಸೈನಿಕರ ಕಚೇರಿಯ ಕೆಲಸ ನೋಡುವವರೆಂದೂ ಹೇಳಿ, ಕೋಟಿನ ಜೇಬಿನಿಂದ ಒಂದು ಚಿಕ್ಕ ಪೆಟ್ಟಿಗೆ ತೆಗೆದು ನೆಲದ ಮೇಲಿಟ್ಟರು. ಒಳಗೆ ಲೋಹದ ಸದ್ದಾಯಿತು. ಕೈಕೋಳ, ಎಂದುಕೊಂಡೆ. ಅಷ್ಟರಲ್ಲಿ ಅಜ್ಜಿ ಹಣೆಯ ತುಂಬ ಹಸಿ ವಿಭೂತಿಯೊಂದಿಗೆ ಪೂಜೆಯಿಂದ ಎದ್ದು ಬಂದವಳು ತೊಟ್ಟಿಯ ಕಂಬ ಹಿಡಿದುಕೊಂಡಳು.

‘ಅವ್ನು ಬಂದಿಲ್ಲ ಸ್ವಾಮಿ. ನನ್ ಲಿಂಗದಾಣೆ, ಈ ವಸ್ಲು ತುಳುದಿಲ್ಲ. ನಾವ್ಯಾರೂ ಬಚ್ಚಿಟ್ಟಿಲ್ಲ. ಬೇಕಾದ್ರೆ ಅಟ್ಟ ಅತ್ತಿ ನೋಡ್ಕಳಿ.’

‘ಯಾರು ಬರಲಿಲ್ಲಮ್ಮ?’

‘ನನ್ ಮಗ.’

ಸುಬೇದಾರರು ದೊಡ್ಡಪ್ಪನ ಮುಖ ನೋಡಿದರು. ದೊಡ್ಡಪ್ಪ ನೆಲ ನೋಡುತ್ತಿದ್ದರು.

‘ನಾನು ಯಾರನ್ನೂ ಹಿಡಿಯಲಿಕ್ಕೆ ಬಂದವನಲ್ಲಮ್ಮ. ನಿಮ್ಮ ಮಗನ ಮೆಡಲ್ ಕೊಡಲಿಕ್ಕೆ ಬಂದದ್ದು.’

‘ತಪ್ಪಿಸ್ಕಂಡ್ ಓಡೋದೋನ್ಗೆ ಮೆಡ್ಲ್ ಯಾಕ್ ಕೊಟ್ಟಾರು ಸ್ವಾಮಿ? ನಾವೇನ್ ಅಷ್ಟೂ ತಿಳೀದೋರಾ?’

‘ಓಡಿಹೋದರು ಅಂತ ಯಾರು ಹೇಳಿದ್ದು ನಿಮಗೆ?’

‘ನೀವೇ ತಂತಿ ಕಳ್ಸಿದ್ರಲ್ಲ. ತಪ್ಪಿಸ್ಕಂಡವ್ನೆ ಅಂತ.’

ಸುಬೇದಾರರು ಆ ಮಾತನ್ನು ತಮ್ಮೊಳಗೇ ಒಂದು ಸಲ ಹೇಳಿಕೊಂಡರು, ತುಟಿ ಅಲ್ಲಾಡಿದ್ದು ನನಗೆ ಕಾಣಿಸಿತು. ಆಮೇಲೆ ನನ್ನ ಕಡೆ ಕೈ ತೋರಿಸಿದರು.

‘ಅಮ್ಮ, ಸಂತೆಯಲ್ಲಿ ಈ ಮಗು ನಿಮ್ಮ ಕೈ ಬಿಟ್ಟು ಎಲ್ಲಿಯೋ ಹೋದರೆ ಏನು ಹೇಳ್ತೀರಿ? ತಪ್ಪಿಸಿಕೊಂಡಿತು ಅಂತ ಹೇಳ್ತೀರಲ್ಲ? ಅದು ಓಡಿಹೋದದ್ದಲ್ಲ. ಕಾಣದೆ ಹೋದದ್ದು. ಆ ತಂತಿ ಹೇಳಿದ್ದು ಹಾಗೆ. ವಿಮಾನ ಹೊರಟದ್ದು ಉಂಟು, ತಿರುಗಿ ಬಂದದ್ದಿಲ್ಲ.’

ಒಳಗೆ ಒಲೆಯ ಮೇಲೆ ಏನೋ ಕುದಿಯುತ್ತಿತ್ತು. ಅಜ್ಜಿ, ಚೌಕಾಸಿ ಮಾಡುವವಳ ದನಿಯಲ್ಲಿ, ‘ಛತ್ರಿ ಇತ್ತಲ್ಲ ಅವ್ನ ತಾವ?’ ಎಂದಳು. ‘ಕೆಳಗೆ ನೀರಲ್ಲವಾ ಅಮ್ಮ’ ಎಂದರು ಸುಬೇದಾರರು. ಆಗ ನಡುಮನೆಯ ಬಾಗಿಲ ಹಿಂದಿನಿಂದ ಅವ್ವನ ದನಿ ಬಂತು. ಪರಗಂಡಸರ ಮುಂದೆ ಅವಳು ಬಾಯಿ ಬಿಟ್ಟದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

‘ಅವ್ರಿಗೆ ಈಜು ಬತ್ತಿರ್ನಿಲ್ಲ ಅತ್ತೆ. ರಜಕ್ ಬಂದಾಗ ನಂಗೊಬ್ಳಿಗೇ ಯೋಳಿದ್ರು. ಭಯ ಆಯ್ತದೆ ಕಣೆ ಅಂದಿದ್ರು.’

ಅಂದರೆ ಅವಳಿಗೆ ಮೊದಲಿನಿಂದಲೂ ತಿಳಿದಿತ್ತು. ಅಷ್ಟು ವರ್ಷ ಕುಂಕುಮ ಇಟ್ಟುಕೊಂಡದ್ದು, ಬಳೆಗೆ ಕೈ ಚಾಚಿದ್ದು, ಅಗುಳಿ ಹಾಕಿದ್ದು ಎಲ್ಲವೂ ಅಜ್ಜಿಗೋಸ್ಕರ. ದೊಡ್ಡಪ್ಪ ತಲೆಯೆತ್ತಲೇ ಇಲ್ಲ. ಅವರಿಗೂ ಗೊತ್ತಿತ್ತೋ ಏನೋ. ಅಜ್ಜಿ ಕಂಬ ಬಿಟ್ಟು ನಿಧಾನವಾಗಿ ಕುಸಿದು ಸುಬೇದಾರರ ಎದುರಿಗೆ ಕೂತಳು.

‘ಅಂಗಾರೆ ಪೊಲೀಸ್ನೋರು ಯಾರೂ ಅವ್ನ ಉಡುಕ್ತಿಲ್ವಾ?’

‘ಇಲ್ಲಮ್ಮ. ಆಗ ಹಡಗು ಕಳಿಸಿ ಹುಡುಕಿದ್ದರು. ಒಂದು ಚೂರೂ ಸಿಗಲಿಲ್ಲ ಅಂತ ಬಿಟ್ಟುಬಿಟ್ಟರು. ಇನ್ನು ನೀವು ಹೆದರುವುದು ಬೇಡ. ಈಗ ಯಾರೂ ಹುಡುಕುತ್ತಿಲ್ಲ.’

ಅವರು ಅದನ್ನು ಸಮಾಧಾನಕ್ಕೆಂದು ಹೇಳಿದರು. ಈ ಒಂದು ಮಾತು ಕೇಳುವುದಕ್ಕಾಗಿ ನಾನು ಗುಡಾಣದ ಹಿಂದೆ ಎಷ್ಟು ಸಲ ಹರಕೆ ಹೊತ್ತಿದ್ದೆನೋ. ಕೇಳಿದಾಗ ಮಾತ್ರ ಕೋಟೆಯ ಬಸ್ ಸ್ಟ್ಯಾಂಡಿನಲ್ಲೂ ಆಗದಷ್ಟು ಭಯವಾಯಿತು. ನನ್ನ ಅಪ್ಪ ಯಾವ ಕಾಡಿನಲ್ಲೂ ಇರಲಿಲ್ಲ. ಸುಬೇದಾರರು ಪೆಟ್ಟಿಗೆಯನ್ನು ಅಜ್ಜಿಯ ಮುಂದೆ ಸರಿಸಿ ಮೇಲೇಳಲು ನೋಡಿದರು. ಅಜ್ಜಿ ಪೆಟ್ಟಿಗೆಯ ಕಡೆ ತಿರುಗಿಯೂ ನೋಡಲಿಲ್ಲ. ಆ ಖಾಕಿ ಕೋಟಿನ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

‘ಅಂಗೆ ಬುಟ್ಬುಡಬ್ಯಾಡಿ ಸ್ವಾಮಿ. ಇನ್ನೊಂದ್ ಕಿತ ಉಡುಕಿ. ಕ್ವಾಳ ಆಕಿ, ಜೈಲ್ಗಾಕಿ, ನಾನ್ ಒಂದ್ ಮಾತೂ ಆಡಾಕಿಲ್ಲ. ಉಡುಕಿ ಇಡೀರಿ ಅವ್ನ.’